ಸ್ಪ್ರಿಂಗಿನ ಬಿಗಿಯೂ ಸಣ್ಣತ್ತೆಯ ಕೈಗುಣವೂ

ನಿಂತ ಕಾರಿನ ಮೂತಿಯನ್ನು ಅಂಗೈಯಿಂದ ಒಮ್ಮೆ ಅದುಮಿ ನೋಡದೆ ಮುಂದೆ ಹೋಗುವ ಗಂಡಸನ್ನು ನಾನಿನ್ನೂ ಕಂಡಿಲ್ಲ. ಅದುಮಿದ ಮೇಲೆ ಅವನು ಗಂಭೀರವಾಗಿ ತಲೆಯಾಡಿಸುತ್ತಾನೆ. ಅದರಿಂದ ತನಗೆ ತಿಳಿದದ್ದೇನೆಂದು ಅವನಿಗೂ ಗೊತ್ತಿರುವುದಿಲ್ಲ, ಕೇಳುವ ಧೈರ್ಯ ನಮಗೂ ಇರುವುದಿಲ್ಲ. ಹಲಸಿನ ಹಣ್ಣು, ಬೇಕರಿಯ ಬನ್ನು, ಮದುವೆಗೆಂದು ಕೊಳ್ಳುವ ಹಾಸಿಗೆ, ಎಲ್ಲದರ ಮುಂದೆಯೂ ನಮ್ಮದು ಇದೇ ವಿಧಿ. ಮಾರ್ದವ ಕಾಠಿನ್ಯಗಳ ವಿಷಯದಲ್ಲಿ ಮನುಷ್ಯ ತನ್ನ ಹೆಬ್ಬೆರಳನ್ನು ನಂಬಿದಷ್ಟು ಬೇರೆ ಯಾವ ಪ್ರಮಾಣವನ್ನೂ ನಂಬಿದವನಲ್ಲ, ಓದುಗ ಮಿತ್ರರೇ, ಮತ್ತು ಈ ನಂಬಿಕೆಯಿಂದ ಕೆಟ್ಟವರ ಪಟ್ಟಿಯಲ್ಲಿ ತೀರ ಇತ್ತೀಚೆಗೆ ಸೇರ್ಪಡೆಯಾದವನು ನಾನು.

ನನ್ನ ಕಾರಿನ ಪರಿಚಯವನ್ನು ಮೊದಲು ಮಾಡಿಕೊಡಬೇಕು. ಆನೇಮಹಲಿನ ಮನೆಯಿಂದ ಆಲೂರಿನ ಕಾಲೇಜಿಗೆ ದಿನವೂ ಹೋಗಿ ಹಳಗನ್ನಡ ಪಾಠ ಹೇಳಿ ಬರುವ ನನ್ನಂಥ ಮೇಷ್ಟರಿಗೆ ಸಭ್ಯವಾದ ನಾಲ್ಕು ಬಾಗಿಲಿನ ಕಾರು ಸಾಕಿತ್ತು. ಆದರೆ ದೋಣಿಗಲ್ ಕಡೆಯ ಎಸ್ಟೇಟಿನ ಯಜಮಾನರೊಬ್ಬರು, ಇನ್ನು ತಮ್ಮ ಸೊಂಟ ಒಪ್ಪುವುದಿಲ್ಲವೆಂದು ತಮ್ಮ ಎರಡೇ ಸೀಟಿನ, ಎರಡೇ ಬಾಗಿಲಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಕೊಡಲು ನಿಂತಾಗ ನನ್ನೊಳಗೆ ಎಂದೋ ಮಲಗಿದ್ದ ಹರೆಯ ಮೈಮುರಿದು ಎದ್ದು ಕೂತಿತು. ಬೇರೆ ಕಾರುಗಳಿಗೆ ಜನ ಹತ್ತುತ್ತಾರೆ, ನನ್ನದಕ್ಕೆ ಇಳಿಯಬೇಕು; ಹೊರಗೆ ಬರುವುದಂತೂ ಒಂದು ಯೋಗಾಸನ. ಕಾಲೇಜಿನ ಗೇಟಿನಲ್ಲಿ ನಾನು ಕಾರಿನಿಂದ ಕ್ರಮೇಣ ಉದ್ಭವಿಸುವ ದೃಶ್ಯವನ್ನು ವಿದ್ಯಾರ್ಥಿಗಳು ನನ್ನ ಪಾಠಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ನೋಡುತ್ತಾರೆ.

ವರ್ಷಗಟ್ಟಲೆ ಭಾರ ಹೊತ್ತು ಅದರ ಸ್ಪ್ರಿಂಗುಗಳು ಸೋತು ಕುಗ್ಗಿದ್ದವು. ಪ್ರತಿ ಹಂಪಿನಲ್ಲೂ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಹೊಸದು ಹಾಕಿಸಬೇಕು ಸರಿ, ಆದರೆ ಎಷ್ಟು ಬಿಗಿಯಾದದ್ದು? ಈ ಪ್ರಶ್ನೆಯ ಆಳಕ್ಕೆ ಇಳಿದವರು ಮೇಲೆ ಬರುವುದು ಕಷ್ಟ. ಮೆತ್ತಗಿನ ಸ್ಪ್ರಿಂಗ್ ಗುಂಡಿಯ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ, ಆದರೆ ತಿರುವಿನಲ್ಲಿ ಕಾರು ವಾಲುತ್ತದೆ. ಬಿಗಿಯಾದದ್ದು ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿಯುತ್ತದೆ, ಆದರೆ ರಸ್ತೆಯ ಪ್ರತಿಯೊಂದು ಕಲ್ಲಿನ ಸುದ್ದಿಯನ್ನೂ ಬೆನ್ನುಮೂಳೆಗೆ ತಲುಪಿಸುತ್ತದೆ. ಇಂಥ ಕಾರುಗಳ ಮಾಲೀಕರ ವಾಟ್ಸಾಪ್ ಗುಂಪೊಂದರಲ್ಲಿ ನಾನೂ ಇದ್ದೇನೆ. ಅಲ್ಲಿ ಮೆತ್ತಗಿನ ಸ್ಪ್ರಿಂಗಿನ ಹೆಸರೆತ್ತುವುದು ಪೌರುಷಕ್ಕೆ ಕುಂದೆಂದು ಎಲ್ಲರೂ ಭಾವಿಸಿರುವುದರಿಂದ ನಾನೂ ಹಾಗೆಯೇ ಭಾವಿಸಿದೆ.

ಹಾಸನದ ಅಂಗಡಿಯವನು ಮೂರು ಬಗೆಯ ಸ್ಪ್ರಿಂಗುಗಳನ್ನು ಮೇಜಿನ ಮೇಲಿಟ್ಟು ನ್ಯಾಯವಾದ ಒಂದೇ ಪ್ರಶ್ನೆ ಕೇಳಿದ: "ಯಾವ ರೋಡಲ್ಲಿ ಓಡಿಸ್ತೀರಾ ಸಾರ್?" ನಾನು ಕ್ಷಣವೂ ತಡೆಯದೆ "ಘಾಟ್ ರೋಡಲ್ಲಿ" ಅಂದುಬಿಟ್ಟೆ. ಸತ್ಯವೇನೆಂದರೆ, ಘಾಟಿಗೆ ನಾನು ಇಳಿಯುವುದು ಎಂದೋ ಒಂದು ಭಾನುವಾರ, ಅಂದೂ ದೋಣಿಗಲ್ ದಾಟುತ್ತಿದ್ದಂತೆ ಯಾವುದಾದರೊಂದು ಗ್ಯಾಸ್ ಟ್ಯಾಂಕರಿನ ಹಿಂದೆ ಸಿಕ್ಕಿ ಅದರ ಹೊಗೆ ಕುಡಿಯುತ್ತ ಮೊದಲ ಗೇರಿನಲ್ಲಿ ತೆವಳುತ್ತೇನೆ. ಉಳಿದ ದಿನಗಳ ನನ್ನ ಪ್ರಪಂಚ ಬಾಳುಪೇಟೆಯ ಹಂಪುಗಳು ಮತ್ತು ಕಾಲೇಜಿನ ಮುಂದಿನ ಜಲ್ಲಿ. ಆದರೆ ನಾವು ಕನ್ನಡಿಯ ಮುಂದೆ ನಿಂತಾಗ ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳುತ್ತೇವಲ್ಲ, ಅದೇ ಶಿಸ್ತಿನಿಂದ ನಾನು ಅತ್ಯಂತ ಬಿಗಿಯಾದ ಸ್ಪ್ರಿಂಗನ್ನು ಆರಿಸಿದೆ. ಹೆಬ್ಬೆರಳಿನಿಂದ ಅದುಮಿಯೂ ನೋಡಿದೆ. ಅದು ಅಲುಗಲಿಲ್ಲ, ನನಗೆ ತೃಪ್ತಿಯಾಯಿತು.

ಮೊದಲ ವಾರವೇ ನನ್ನ ಹೆಂಡತಿ ಸುಮಾ ಸಕಲೇಶಪುರದ ಸಂತೆಗೆ ಹೋಗಿ ಬಂದು, "ನಿಮ್ ಕಾರಲ್ಲಿ ಕೂತ್ರೆ ಗುಂಡಿ ಎಣಿಸೋ ಕೆಲ್ಸ ಇಲ್ಲ ಕಣ್ರೀ, ಬೆನ್ನೇ ಎಣಿಸ್ಕಳುತ್ತೆ" ಎಂದು ತೀರ್ಪು ಕೊಟ್ಟಳು. ರಸ್ತೆಯೊಡನೆ ಸಂವಾದ ಮಾಡುವ ಕಾರಿದು ಎಂದು ನಾನು ವಾದಿಸಿದೆ. ಇಷ್ಟೇ ಆಗಿದ್ದರೆ ಇದು ಗಂಡ ಹೆಂಡಿರ ಎಂದಿನ ಸರಸವಾಗಿ ಮುಗಿಯುತ್ತಿತ್ತು. ನನ್ನನ್ನು ತಲೆಯೆತ್ತದಂತೆ ಮಾಡಿದ್ದು ಸಣ್ಣತ್ತೆಯ ವಿಷಯ.

ಸಣ್ಣತ್ತೆ ನನ್ನ ತಂದೆಯ ಕಿರಿಯ ತಂಗಿ. ಹೆತ್ತೂರಿನ ಬಳಿ ಮಗ ಸೊಸೆಯರೊಡನೆ ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ ನೋಡಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಆ ಸುತ್ತಿನಲ್ಲಿ ಅವಳ ಕೈಗುಣ ದೊಡ್ಡ ಮಾತು. ಯಾರ ಮನೆಯ ನಾಟಿಕೋಳಿ ಕಾವಿಗೆ ಬಂದರೂ ಮೊಟ್ಟೆ ಇಡಲು ಅವಳನ್ನೇ ಕರೆಯುತ್ತಾರೆ. ಅವಳು ಹೋಗಿ, ಮಂಕರಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆಯನ್ನೂ ಇದ್ದಿಲ ಚೂರನ್ನೂ ಹುಲ್ಲಿನಡಿ ಸಿಕ್ಕಿಸಿ, ಮೊಟ್ಟೆಗಳನ್ನು ಒಂದೊಂದಾಗಿ ಕೂರಿಸಿ, ಕೋಳಿಯನ್ನು ಮೇಲಿಟ್ಟು ಬಂದರೆ ಮೂರು ವಾರಕ್ಕೆ ಮಂಕರಿ ತುಂಬ ಮರಿಗಳು. ಗದ್ದೆಯ ಸಸಿಮಡಿಗೆ ಮೊದಲ ಹಿಡಿ ಬೀಜ ಚೆಲ್ಲುವುದಕ್ಕೂ ಅವಳೇ ಬೇಕು. ಇದಕ್ಕೆ ಯಾರೂ ಏನೂ ಕೊಡುವುದಿಲ್ಲ, ಅವಳು ತೆಗೆದುಕೊಳ್ಳುವುದೂ ಇಲ್ಲ. ಕರೆಯಲು ಬಂದವರ ಹಿಂದೆ ಸೆರಗು ಸಿಕ್ಕಿಸಿಕೊಂಡು ಹೊರಡುವಾಗ ಅವಳ ನಡಿಗೆಯಲ್ಲೊಂದು ಠೀವಿ ಇರುತ್ತಿತ್ತು.

ಅವಳ ಮಗಳು ಶೋಭಾಳನ್ನು ಕೊಟ್ಟಿರುವುದು ಆಲೂರಿನ ಹತ್ತಿರದ ಹಳ್ಳಿಗೆ. ಈ ಸಲ ಕಾಫಿ ಅರಳಿಸುವ ಹೂಮಳೆ ಬಿದ್ದ ಹೊಸತರಲ್ಲಿ ಶೋಭಾಳ ಮನೆಯ ಕೋಳಿಗಳು ಒಟ್ಟಿಗೇ ಕಾವಿಗೆ ಕೂತವು. ಅಮ್ಮ ತನ್ನ ಒಳ್ಳೆ ತಳಿಯ ನಾಟಿಕೋಳಿಯ ಮೊಟ್ಟೆ ತಂದು ತಾನೇ ಇಟ್ಟುಕೊಡಬೇಕೆಂದು ಅವಳು ಫೋನು ಮಾಡಿದಳು. ನಾನು ಕರೆದುಕೊಂಡು ಹೋಗುತ್ತೇನೆಂದೆ. "ಬ್ಯಾಡ ಕಣೋ ಚಂದ್ರು, ಬಸ್ಸಿಗೆ ಹೋಯ್ತೀನಿ" ಎಂದು ಸಣ್ಣತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಅವಳ ಅನುಕೂಲಕ್ಕಾಗಿ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಕಾರಿನ ಪ್ರದರ್ಶನಕ್ಕೊಬ್ಬ ಪ್ರೇಕ್ಷಕಿ ಬೇಕಾಗಿತ್ತು.

ಹೊಟ್ಟಿನ ಮೇಲೆ ಮೊಟ್ಟೆ ಜೋಡಿಸಿದ ಕುಕ್ಕೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ನನ್ನ ಪಕ್ಕ ಇಳಿದು ಕೂತಳು. ಹೆತ್ತೂರಿನಿಂದ ಸಕಲೇಶಪುರದವರೆಗಿನ ರಸ್ತೆಯಲ್ಲಿ ತಿರುವುಗಳಿಗೆ ಬರವಿಲ್ಲ, ಗುಂಡಿಗಳಿಗಂತೂ ಇಲ್ಲವೇ ಇಲ್ಲ. ಕಾರು ತಿರುವುಗಳನ್ನು ಕಚ್ಚಿ ಹಿಡಿದು ಓಡಿತು, ಗುಂಡಿಗಳಲ್ಲಿ ಧಡಾರೆಂದು ಕುಕ್ಕಿತು. ನಾನು ಸ್ಪ್ರಿಂಗಿನ ಮಹಿಮೆಯನ್ನು ವಿವರಿಸುತ್ತಲೇ ಇದ್ದೆ, ಅತ್ತೆ ಎರಡೂ ಕೈಯಿಂದ ಕುಕ್ಕೆಯನ್ನು ಮಡಿಲಿನಿಂದ ಅಷ್ಟೆತ್ತರ ಎತ್ತಿ ಹಿಡಿದು ಮುಂದೆ ನೋಡುತ್ತ ಕೂತಿದ್ದಳು. "ಹೆಂಗೈತತ್ತೆ ಕಾರು?" ಎಂದರೆ, "ಚೆನ್ನಾಗೈತೆ ಕಣೋ. ವಸಿ ಮಾತು ಜಾಸ್ತಿ" ಅಂದಳು. ಅದು ಕಾರಿಗೆ ಹೇಳಿದ್ದೋ ನನಗೆ ಹೇಳಿದ್ದೋ ಎಂದು ಆಗ ಯೋಚಿಸಲಿಲ್ಲ.

ಶೋಭಾಳ ಅಂಗಳದಲ್ಲಿ ಕುಕ್ಕೆ ಬಿಚ್ಚಿದಾಗ ಒಂದು ಮೊಟ್ಟೆಯೂ ಬಿರುಕು ಬಿಟ್ಟಿರಲಿಲ್ಲ. ನನ್ನ ಸಂಭ್ರಮ ಹೇಳತೀರದು. ಕುಕ್ಕೆಯ ಫೋಟೋ ತೆಗೆದು ಆ ವಾಟ್ಸಾಪ್ ಗುಂಪಿಗೆ ಹಾಕಿದೆ, ಹೆತ್ತೂರಿನಿಂದ ಆಲೂರಿಗೆ ನಾಟಿಕೋಳಿ ಮೊಟ್ಟೆ, ಅತಿ ಬಿಗಿ ಸ್ಪ್ರಿಂಗು, ಒಂದೂ ಒಡೆದಿಲ್ಲ! ಅಭಿನಂದನೆಗಳು ಬಂದವು. ಸುಮಾಳಿಗೆ ತೋರಿಸಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ, ಹೆತ್ತೂರಿನ ಟೀ ಅಂಗಡಿಯಲ್ಲೂ ಹೇಳಿದೆ. ನನ್ನ ಆಯ್ಕೆ ಸರಿಯೆಂಬುದಕ್ಕೆ ಇದಕ್ಕಿಂತ ದುಂಡಗಿನ ಸಾಕ್ಷ್ಯ ಬೇಕೇ?

ಮೂರು ವಾರ ಕಳೆಯಿತು. ಶೋಭಾಳ ಕೋಳಿಗಳು ಕೂತೇ ಇದ್ದವು, ಒಂದು ಮರಿಯೂ ಏಳಲಿಲ್ಲ. ಇನ್ನೂ ಕೆಲವು ದಿನ ಕಾದು ಕೊನೆಗೆ ಒಡೆದು ನೋಡಿದರೆ ಎಲ್ಲ ಮೊಟ್ಟೆಯೂ ಕೊಳೆತು ನಾರುತ್ತಿತ್ತು. ಇದಕ್ಕಿಂತ ಕೆಟ್ಟ ಸುದ್ದಿ ಹೆತ್ತೂರಿನ ಮನೆಯದು: ಅದೇ ಕೋಳಿಯ, ಅದೇ ದಿನಗಳ ಮೊಟ್ಟೆಗಳಲ್ಲಿ ಮಿಕ್ಕವನ್ನು ಸಣ್ಣತ್ತೆಯ ಸೊಸೆ ಪವಿತ್ರ ಆಟಕ್ಕೆಂಬಂತೆ ಒಂದು ಕೋಳಿಯ ಕೆಳಗೆ ಇಟ್ಟಿದ್ದಳಂತೆ, ಅವೆಲ್ಲ ಮರಿಯಾಗಿ ಅಂಗಳದಲ್ಲಿ ಓಡಾಡುತ್ತಿದ್ದವು. ಮೊಟ್ಟೆಯ ದೋಷವಲ್ಲ, ಗುಡುಗಿನ ದೋಷವಲ್ಲ, ಹಾಗಾದರೆ ಬೇರೆ ಏನು? ಬೇರೆಯಾಗಿದ್ದು ಇಟ್ಟ ಕೈ. ಊರು ಹಾಗೆಂದು ಬಾಯಿಬಿಟ್ಟು ಹೇಳುವ ಮೊದಲೇ ಸಣ್ಣತ್ತೆ ತಾನೇ ಶೋಭಾಳಿಗೆ ಅಂದುಬಿಟ್ಟಳು, "ನನ್ ಕೈಗುಣ ಹೋಗ್ಬುಡ್ತು ಕಣವ್ವ."

ಬೇರೆಯಾಗಿದ್ದು ಇನ್ನೊಂದಿತ್ತು. ಅದು ಕೆಂಪು ಬಣ್ಣದ್ದು, ನನ್ನ ಮನೆಯ ಮುಂದೆ ನಿಂತಿತ್ತು. ಶೋಭಾ ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲೇ ನನ್ನ ಕಣ್ಣು ಕಿಟಕಿಯಾಚೆ ಅದರ ಮೇಲೆ ಹೋಗಿತ್ತು. ಆದರೂ ಖಾತ್ರಿಗೆಂದು ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟರನ್ನು, ಯಾರದೋ ವಿಷಯವೆಂಬಂತೆ ಕೇಳಿದೆ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಯ ಗುಳ್ಳೆ ಇರುತ್ತದೆ, ಮರಿಗೆ ಮೊದಲ ಉಸಿರು ಅದರಿಂದಲೇ. ಕುಲುಕಾಟ ಹೆಚ್ಚಾದರೆ ಚಿಪ್ಪು ಒಡೆಯದೆಯೇ ಆ ಗುಳ್ಳೆ ಸಡಿಲವಾಗಿ ಅಲ್ಲಾಡತೊಡಗುತ್ತದೆ, ಅಂಥ ಮೊಟ್ಟೆ ಮರಿಯಾಗುವುದು ಕಷ್ಟ, ಕತ್ತಲಲ್ಲಿ ಟಾರ್ಚಿಗೆ ಹಿಡಿದರೆ ಕಾಣುತ್ತದೆ ಎಂದು ಅವರು ಸಾವಧಾನವಾಗಿ ವಿವರಿಸಿದರು. ನಾನು ವಂದಿಸಿ ಎದ್ದು ಬಂದೆ.

ಹೇಳಬೇಕಾದದ್ದು ಆಗಲೇ, ಆ ಸಂಜೆಯೇ. ಹೇಳಲಿಲ್ಲ. ಹೇಳಿದರೆ ಸುಮಾಳ ಬೆನ್ನಿನ ಮಾತು ನಿಜವೆಂದು ಒಪ್ಪಬೇಕು, ಗುಂಪಿನಲ್ಲಿ ಹಾಕಿದ ಫೋಟೋ ನುಂಗಿಕೊಳ್ಳಬೇಕು. ಇಷ್ಟು ಅಲ್ಪವಾದ ಕಾರಣಕ್ಕೆ ಒಬ್ಬ ವಿದ್ಯಾವಂತ ಬಾಯಿ ಮುಚ್ಚಿಕೊಂಡಿರಬಲ್ಲನೆಂದು ನನಗೆ ನನ್ನಿಂದಲೇ ತಿಳಿಯಿತು. ಒಂದು ದಿನ ಯಾವುದೋ ನೆಪದಲ್ಲಿ ಹೆತ್ತೂರಿಗೆ ಹೋಗಿದ್ದೆ. ಸಂಜೆ ಹಾಲು ಆರಿತ್ತು. ಮೊಸರಿಗೆ ಹೆಪ್ಪು ಹಾಕಲು ಸಣ್ಣತ್ತೆ ಚಮಚ ಕೈಗೆತ್ತಿಕೊಂಡವಳು ತಡೆದು, "ಪವಿತ್ರ, ನೀನೇ ಹಾಕ್ಬುಡವ್ವ" ಎಂದು ಹಿಂದೆ ಸರಿದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಅದನ್ನು ನೋಡಿದೆ. ನೋಡಿಯೂ ಕಾಫಿ ಕುಡಿದು, ಬರ್ತೀನಿ ಅತ್ತೆ ಎಂದು, ಕಾರಿಗೆ ಇಳಿದು ಬಂದೆ. ದಾರಿಯುದ್ದಕ್ಕೂ ಪ್ರತಿಯೊಂದು ಗುಂಡಿಯೂ ಬೆನ್ನಿಗೆ ಗುದ್ದುತ್ತಿತ್ತು, ಮೊದಲ ಬಾರಿಗೆ ನನಗೆ ಅದು ಸರಿಯೆನಿಸಿತು.

ಆ ರಾತ್ರಿ ಊಟಕ್ಕೆ ಕೂತಾಗ ಸುಮಾಳಿಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ನನ್ಗ್ಯಾಕ್ ಹೇಳ್ತೀರಾ?" ಎಂದಷ್ಟೇ ಕೇಳಿ ಸಾರು ಬಡಿಸಿದಳು.

ಭಾನುವಾರ ಹೆತ್ತೂರಿಗೆ ಹೋದೆ. ನಾನು ಹೋದಾಗ ಪಕ್ಕದ ಮನೆಯ ದೇವೀರಮ್ಮ ಜಗಲಿಯ ಮೇಲೆ ಕೂತಿದ್ದರು. ಅವರ ಕೋಳಿ ಕಾವಿಗೆ ಬಂದಿತ್ತು, ಮೊಟ್ಟೆ ಇಡಲು ಪವಿತ್ರಳನ್ನು ಕಳಿಸಿಕೊಡಿ ಎಂದು ಕೇಳಲು ಬಂದಿದ್ದರು. ಹೀಗೆ ಕೇಳುವುದು ಅವರಿಗೂ ಸಂಕಟವಾಗಿತ್ತು, ಮಾತನ್ನು ಮಳೆಯಿಂದ ಶುರುಮಾಡಿ ಮೆಣಸಿನ ಬಳ್ಳಿಯ ಮೇಲೆ ಹಾಯಿಸಿ ಅಂತೂ ಕೋಳಿಗೆ ತಂದಿದ್ದರು. "ಕರ್ಕಂಡ್ ಹೋಗವ್ವ, ಅವ್ಳ ಕೈ ಚೆನ್ನಾಗೈತೆ" ಎಂದು ಸಣ್ಣತ್ತೆ ನಕ್ಕಳು. ಆ ನಗು ನೋಡಲಾರದೆ ನಾನು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ, ಮೊಟ್ಟೆ ಕೆಟ್ಟಿದ್ದು ಅತ್ತೆಯ ಕೈಯಿಂದಲ್ಲ, ನನ್ನ ಕಾರಿನಿಂದ, ಅದಕ್ಕೆ ನಾನು ಹಾಕಿಸಿದ ಸ್ಪ್ರಿಂಗಿನಿಂದ.

ಸಣ್ಣತ್ತೆ ನಂಬಲಿಲ್ಲ. "ಸುಮ್ನಿರೋ ಮಾರಾಯ. ಒಂದೂ ಬಿರುಕು ಬುಟ್ಟಿಲ್ಲ ಅಂತ ಟೀ ಅಂಗ್ಡೀಲೆಲ್ಲ ಹೇಳ್ಕಂಡ್ ಬಂದವನು ನೀನೇ ಅಲ್ವಾ? ಈಗ ನನ್ ಸಮಾಧಾನಕ್ಕೆ ಪಾಪ ಆ ಕಾರಿನ ಮ್ಯಾಲೆ ಯಾಕ್ ಹಾಕ್ತೀಯ?"

ನನ್ನ ಜಂಬವೇ ನನ್ನ ತಪ್ಪೊಪ್ಪಿಗೆಯ ಬಾಯಿಗೆ ಅಡ್ಡ ಬಂದು ನಿಂತಿತ್ತು. ಹೇಳಿದ ಸುಳ್ಳಿಗಿಂತ ಕೊಚ್ಚಿಕೊಂಡ ಸತ್ಯವನ್ನು ವಾಪಸು ಪಡೆಯುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಬೇರೆ ದಾರಿ ಕಾಣದೆ, ಮನೆಯಲ್ಲಿರುವ ಮೊಟ್ಟೆಯನ್ನೇ ಕಾರಿನಲ್ಲಿ ಸುತ್ತಿಸಿ ತಂದು ತೋರಿಸುತ್ತೇನೆಂದೆ. ಅತ್ತೆ ಮೊಟ್ಟೆ ಮುಟ್ಟಲು ಒಪ್ಪಲಿಲ್ಲ. ಸೀರೆಯ ನೆರಿಗೆ ಕೊಡವಿಕೊಂಡು ಎದ್ದವರು ದೇವೀರಮ್ಮ. ಪವಿತ್ರ ರಾಗಿಯ ಡಬ್ಬದಿಂದ ತೆಗೆದುಕೊಟ್ಟ ಎರಡು ಮೊಟ್ಟೆಗಳನ್ನು ಕುಕ್ಕೆಯಲ್ಲಿ ಮಡಿಲಿಗಿಟ್ಟುಕೊಂಡು, ತಮ್ಮ ಭಾರಿ ಮೈಯನ್ನು ಹೇಗೋ ಹೊಂದಿಸಿಕೊಂಡು ಅವರು ಕಾರಿನಲ್ಲಿ ಕೂತರು. ಒಂದು ಗುಂಡಿಯನ್ನೂ ತಪ್ಪಿಸದೆ ಹೆತ್ತೂರಿನ ಸರ್ಕಲ್ಲಿಗೆ ಹೋಗಿ, ಮತ್ತೊಮ್ಮೆ ಹೋಗಿ, ವಾಪಸು ಬಂದೆ. ಮೊದಲ ಸುತ್ತಿನಲ್ಲಿ ದೇವೀರಮ್ಮ ದೇವರುಗಳ ಹೆಸರು ಹೇಳುತ್ತಿದ್ದರು, ಎರಡನೆಯದರಲ್ಲಿ ನನ್ನ ಹೆಸರು ಹೇಳುತ್ತಿದ್ದರು. ಅಂಗಳದಲ್ಲಿ ಇಬ್ಬರು ಸೇರಿ ಎಳೆದ ಮೇಲೆ ಹೊರಬಂದು, "ನಾ ಕುಡ್ದಿದ್ ಕಾಫಿನೇ ಎಲ್ಲಿಗೋ ಹೋಗ್ಬುಡ್ತು ಕಣವ್ವ, ಮೊಟ್ಟೆ ಪಾಡು ಆ ದ್ಯಾವ್ರಿಗೇ ಗೊತ್ತು" ಎಂದು ಸಾಕ್ಷಿ ನುಡಿದರು.

ಕತ್ತಲಾಗಿದ್ದ ಉಗ್ರಾಣದೊಳಗೆ ನಾಲ್ವರೂ ನುಗ್ಗಿ ನಿಂತೆವು. ಪವಿತ್ರ ಮೊಬೈಲಿನ ಟಾರ್ಚು ಹಾಕಿ ಮೊದಲು ಮನೆಯಲ್ಲೇ ಇದ್ದ ಮೊಟ್ಟೆಯನ್ನು ಹಿಡಿದಳು. ದಪ್ಪ ತುದಿಯಲ್ಲಿ ತಿಳಿಯಾದ ಗುಳ್ಳೆ, ಮೊಟ್ಟೆ ತಿರುಗಿಸಿದರೂ ಇದ್ದಲ್ಲೇ ಇತ್ತು. ಆಮೇಲೆ ಕಾರಿನಲ್ಲಿ ಸುತ್ತಿದ್ದನ್ನು ಹಿಡಿದಳು. ತಿರುಗಿಸಿದ ಕಡೆಗೆಲ್ಲ ಗುಳ್ಳೆಯ ಅಂಚು ಜಾರಿ ಜಾರಿ ಹೋಗುತ್ತಿತ್ತು. "ಅಯ್ಯೋ ಅತ್ತೆ, ಇದು ಓಡಾಡ್ತೈತೆ!" ಎಂದು ಪವಿತ್ರ ಕೂಗಿದಳು. ಸಣ್ಣತ್ತೆ ಸೆರಗಿನಿಂದ ಕೈ ಹೊರಗೆ ತೆಗೆದು ಆ ಮೊಟ್ಟೆಯನ್ನು ತಾನೇ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು. ನನಗೆ ಹಗುರವಾಗುತ್ತಿತ್ತು, ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಅವಳು ಕೇಳಿದಳು:

"ನಿಂಗೆ ಇದು ಯಾವಾಗಿಂದ ಗೊತ್ತಿತ್ತೋ?"

ಶೋಭಾ ಫೋನು ಮಾಡಿದ ದಿನದಿಂದ ಎಂದೆ. ಟಾರ್ಚಿನ ಬೆಳಕು ನನ್ನ ಮುಖದ ಮೇಲೆ ಇರಲಿಲ್ಲವೆಂಬುದೊಂದೇ ನನಗೆ ದಕ್ಕಿದ ಕರುಣೆ. ಅವಳು ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವಳು ಮೊಟ್ಟೆಯನ್ನು ಪವಿತ್ರಳ ಕೈಗೆ ಕೊಟ್ಟು ಹೊರಗೆ ಹೋದಳು. ಹಿತ್ತಲಲ್ಲಿ ಕೈ ತೊಳೆಯುವ ಸದ್ದು ಕೇಳಿಸಿತು. ಆಮೇಲೆ "ನಡೀ ದೇವೀರವ್ವ, ಹೊತ್ತಾಯ್ತು" ಎಂದದ್ದು ಕೇಳಿಸಿತು. ನಾನು ಜಗಲಿಗೆ ಬರುವಷ್ಟರಲ್ಲಿ ಇಬ್ಬರೂ ಬೇಲಿ ದಾಟಿ ಹೋಗಿದ್ದರು. ನಡಿಗೆಯಲ್ಲಿ ಹಳೆಯ ಠೀವಿ ಇರಲಿಲ್ಲ, ಮೊದಲ ಸಲ ಪರೀಕ್ಷೆಗೆ ಹೋಗುವವಳಂತೆ ಸಣ್ಣತ್ತೆ ಸ್ವಲ್ಪ ಹಿಂದೆಯೇ ಉಳಿದಿದ್ದಳು.

ಆ ವಾರವೇ ಹಾಸನಕ್ಕೆ ಹೋಗಿ ಬಿಗಿ ಸ್ಪ್ರಿಂಗು ಬಿಚ್ಚಿಸಿ ಅತ್ಯಂತ ಮೆತ್ತಗಿನದನ್ನು ಹಾಕಿಸಿಕೊಂಡು ಬಂದೆ. ಗುಂಪಿನಲ್ಲಿ ಮೊಟ್ಟೆಗಳ ಗತಿಯನ್ನೂ ಬರೆದೆ. ಹಲವರು ನಕ್ಕರು, ಒಬ್ಬರಂತೂ ಇದು ಕೋಳಿಯ ದೋಷವೆಂದು ಇಂದಿಗೂ ವಾದಿಸುತ್ತಿದ್ದಾರೆ. ನನಗೆ ಈಗ ಅನಿಸುವುದಿಷ್ಟೆ: ಸ್ಟಿಯರಿಂಗ್ ಹಿಡಿದವನಿಗೆ ಮುಂದಿನ ಗುಂಡಿ ಕಾಣುತ್ತದೆ, ಮೈ ತಾನಾಗಿ ಸಿದ್ಧವಾಗುತ್ತದೆ, ಆಸರೆಗೆ ಚಕ್ರವೂ ಇರುತ್ತದೆ. ಪಕ್ಕದಲ್ಲಿ ಮಡಿಲು ತುಂಬಿಕೊಂಡು ಕೂತವರಿಗೆ ಇದೊಂದೂ ಇಲ್ಲ. ಸ್ಪ್ರಿಂಗಿನ ಬಿಗಿಯನ್ನು ಆರಿಸಬೇಕಾದದ್ದು ಅವರ ಲೆಕ್ಕದಲ್ಲಿ. ಈ ತತ್ತ್ವವನ್ನು ಸುಮಾಳ ಮುಂದೆ ಮಂಡಿಸಿದಾಗ ಅವಳು, ಇದನ್ನೇ ನಾನು ಸಂತೆಯಿಂದ ಬಂದ ದಿನ ಹೇಳಿದ್ದೆನಲ್ಲ ಎಂದಳು.

ಆದರೆ ಸ್ಪ್ರಿಂಗು ಬದಲಾಯಿಸಿದ್ದರಿಂದ ದೇವೀರಮ್ಮನ ಮಂಕರಿಗೆ ಏನೂ ಆಗುವುದಿರಲಿಲ್ಲ. ಓಡಾಡುವ ಗುಳ್ಳೆ ಕಾರಿನ ತಪ್ಪನ್ನು ತೋರಿಸಿತ್ತು, ಕೈಯ ಗುಣವನ್ನು ತೋರಿಸಬೇಕಾದವು ಮರಿಗಳೇ. ಈ ಸಲವೂ ಏನಾದರೂ ಆಗಿ ಅವು ಏಳದಿದ್ದರೆ ನನ್ನ ಮಾತನ್ನು ಯಾರೂ ಮತ್ತೆ ಕೇಳುವುದಿಲ್ಲ. ಕೈಗುಣದಲ್ಲಿ ನಾನು ಎಂದೂ ನಂಬಿಕೆ ಇಟ್ಟವನಲ್ಲ, ಆದರೂ ಆ ಮೂರು ವಾರ ಗುಡುಗಿದಾಗಲೆಲ್ಲ, ಅತ್ತೆ ಮೊಳೆ ಸಿಕ್ಕಿಸಿದ್ದಾಳೋ ಇಲ್ಲವೋ ಎಂದು ಪಾಠ ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಫೋನು ಬಂದಾಗ ನಾನು ಬಾಳುಪೇಟೆ ದಾಟುತ್ತಿದ್ದೆ. ಪವಿತ್ರ. "ಭಾವ, ಒಂಚೂರು ಇಲ್ಲಿ ಕೇಳಿ" ಅಂದಳು, ಆಮೇಲೆ ಮಾತಿಲ್ಲ. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಕಾರನ್ನು ಮಣ್ಣಿನ ಅಡ್ಡದಾರಿಗೆ ಇಳಿಸಿ, ಇಂಜಿನ್ ಆರಿಸಿ, ಗಾಜು ಏರಿಸಿ, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡೆ. ಆಗ ಕೇಳಿಸಿತು. ಒಂದಲ್ಲ ಎರಡಲ್ಲ, ಮಂಕರಿ ತುಂಬ ಚಿಂವ್‌ಗುಟ್ಟುತ್ತಿದ್ದವು.

"ಕೇಳಿಸ್ತೇನೋ?" ಈಗ ಸಣ್ಣತ್ತೆಯ ದನಿ.

"ಕೇಳಿಸ್ತು ಅತ್ತೆ" ಎಂದೆ.

"ಎಲ್ಲಾ ಎದ್ದವೆ. ಒಂದು ಮಾತ್ರ ಇನ್ನೂ ಒಳಗಿಂದ ಕುಟ್ಟಾಡ್ತಾ ಐತೆ, ಸಂಜೀಕೆ ಬತ್ತದೆ." ಅವಳ ಮಾತು ಮೊದಲಿನ ಹಾಗೆ ಓಡುತ್ತಿತ್ತು. "ಶೋಭನ ಕೋಳಿ ಮತ್ತೆ ಕಾವಿಗೆ ಬಂದವಂತೆ, ಶನಿವಾರ ಮೊಟ್ಟೆ ತಗಂಡ್ ಹೋಗ್ಬೇಕು."

ಸ್ಪ್ರಿಂಗು ಬದಲಾಯಿಸಿದ್ದನ್ನೂ, ಈಗ ಕಾರು ತೊಟ್ಟಿಲಂತಿರುವುದನ್ನೂ, ಬೆಳಿಗ್ಗೆಯೇ ಬಂದು ನಾನೇ ಕರೆದುಕೊಂಡು ಹೋಗುವುದನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಸಣ್ಣತ್ತೆ ಪೂರ್ತಿ ಕೇಳಿಸಿಕೊಂಡಳು.

"ಬ್ಯಾಡ ಕಣೋ, ಬಸ್ಸಿಗೆ ಹೋಯ್ತೀನಿ" ಅಂದಳು. ಇನ್ನೇನು ಫೋನು ಇಟ್ಟಳು ಎಂದುಕೊಂಡೆ. ಇಡಲಿಲ್ಲ.

"ನೀನೂ ಬಾ. ಕಾರು ಬುಟ್ಟು ಬಾ. ಕುಕ್ಕೆ ಹಿಡ್ಕಳಕ್ಕೆ ಒಬ್ರು ಬೇಕು."